ಕೌದಿಯ ಬಟ್ಟೆ ಎಲ್ಲಿ ಕೈಕೊಟ್ಟಿತು? ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಕೌದಿಯಲ್ಲಿ ಏನಾದರೂ ಎಡವಟ್ಟಾದರೆ ಮೊದಲು ಅನುಮಾನ ಬರುವುದು ಹೊಲಿಗೆಯ ಮೇಲೆ. ಆಮೇಲೆ ಮಷಿನ್, ಸೂಜಿ, ದಾರ. ಬಟ್ಟೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ನಾವೇ ಇಷ್ಟಪಟ್ಟು ಆರಿಸಿರುತ್ತೇವೆ, ಅಲ್ವಾ? ಆದರೆ ಬಹಳಷ್ಟು ತೊಂದರೆಗಳು ಕತ್ತರಿ ಹಾಕುವ ಮೊದಲೇ, ಬಟ್ಟೆ ಆರಿಸುವಾಗಲೇ ಶುರುವಾಗಿರುತ್ತವೆ.

ಹಾಗಂತ ಕೆಟ್ಟ ಬಟ್ಟೆ ಇದೇ ಎಂದು ಒಂದನ್ನು ಬೆರಳು ಮಾಡಿ ತೋರಿಸಲು ಆಗುವುದು ಕಡಿಮೆ. ಒಂದೊಂದೇ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಗಲಾಟೆ ಶುರುವಾಗುವುದು ಅವು ಅಕ್ಕಪಕ್ಕ ಕೂತಾಗ. ಜಾಸ್ತಿ ಕುಗ್ಗುವ ಬಟ್ಟೆ ಕುಗ್ಗದೇ ಇರುವುದರ ಪಕ್ಕ. ದಪ್ಪದ್ದು ತೆಳ್ಳಗಿರುವುದರ ಪಕ್ಕ. ಬಣ್ಣ ಬಿಡುವುದು ಬಿಳಿಯ ಪಕ್ಕ. ಹಾಗಾಗಿ ದೋಷ ಹುಡುಕುವಾಗ ಯಾವ ಬಟ್ಟೆ ಕೆಟ್ಟದ್ದು ಎಂದು ಕೇಳಿಕೊಳ್ಳಬೇಡಿ. ಯಾವ ಎರಡು ಬಟ್ಟೆಗಳಿಗೆ ಹೊಂದಾಣಿಕೆ ಇಲ್ಲ ಎಂದು ಕೇಳಿಕೊಳ್ಳಿ. ಉತ್ತರ ಬೇಗ ಸಿಗುತ್ತದೆ.

ಮೊದಲು ಇದನ್ನು ನೋಡಿ: ದೋಷ ಯಾವಾಗ ಕಾಣಿಸಿತು?

ಇದೊಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ಒಗೆಯುವ ಮೊದಲೇ ತೊಂದರೆ ಇದ್ದರೆ ಕಾರಣ ಎಳೆಯ ದಿಕ್ಕು, ದಪ್ಪ, ಅಥವಾ ಬಣ್ಣಗಳ ಜೋಡಣೆ. ಮೊದಲ ಒಗೆತದಲ್ಲಿ ಕಾಣಿಸಿದರೆ ಬಣ್ಣ ಬಿಟ್ಟಿದೆ ಅಥವಾ ಬಟ್ಟೆ ಕುಗ್ಗಿದೆ. ಕೆಲವು ತಿಂಗಳು ಹೊದ್ದ ಮೇಲೆ ಬಂದಿದ್ದರೆ ನೇಯ್ಗೆ ಸಡಿಲ ಇದೆ, ಇಲ್ಲವೇ ನಾರು ಎದ್ದಿದೆ. ವರ್ಷಗಟ್ಟಲೆ ಆದಮೇಲೆ ಒಂದೇ ಬಣ್ಣದ ತುಂಡುಗಳು ಮಾತ್ರ ಹರಿಯುತ್ತಿದ್ದರೆ ಆ ಬಣ್ಣದಲ್ಲೇ ಏನೋ ಇದೆ.

ಇನ್ನೊಂದು ವಿಷಯ. ಕೌದಿಗೆ ಮೂರು ಪದರ: ಮೇಲಿನ ತುಂಡುಗಳ ಬಟ್ಟೆ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್ ಒಳಪದರ, ಕೆಳಗೆ ಅಡಿಬಟ್ಟೆ. ಮೇಲೆ ಕಾಣುವ ದೋಷಕ್ಕೆ ಕಾರಣ ಒಳಗೋ ಕೆಳಗೋ ಇರಬಹುದು. ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಗೆದಾಗ ಬಣ್ಣ ಹರಡಿದೆ

ಎಲ್ಲಕ್ಕಿಂತ ಎದೆ ಒಡೆಯುವ ದೋಷ ಇದು. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿ ನೀರಿನಿಂದ ಹೊರಬಂದಾಗ ಬಿಳಿ ತುಂಡುಗಳೆಲ್ಲ ಗುಲಾಬಿ. ದಯವಿಟ್ಟು ಗಾಬರಿಯಾಗಬೇಡಿ. ಕೌದಿ ಇನ್ನೂ ಒದ್ದೆಯಾಗಿದ್ದರೆ ಉಳಿಸುವ ಅವಕಾಶ ಚೆನ್ನಾಗಿಯೇ ಇದೆ.

ಮೊದಲ ನಿಯಮ: ಒಣಗಿಸಬೇಡಿ. ಇಸ್ತ್ರಿಯಂತೂ ಬೇಡವೇ ಬೇಡ. ಒಣಗಿದರೆ, ಬಿಸಿ ತಾಗಿದರೆ ಹರಡಿದ ಬಣ್ಣ ಗಟ್ಟಿಯಾಗಿ ಕೂರುತ್ತದೆ. ದೊಡ್ಡ ಟಬ್ಬಿನಲ್ಲಿ ಚೆನ್ನಾಗಿ ಬಿಸಿ ಇರುವ ನೀರು ತುಂಬಿ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಅದಕ್ಕೆ ಬಟ್ಟೆ ಒಗೆಯುವ ಲಿಕ್ವಿಡ್ ಹಾಕಿ ಕಲಕಿ. ಕೌದಿ ಪೂರ್ತಿ ಮುಳುಗಿರಬೇಕು. ಒಂದು ಮೂಲೆ ನೀರಿನ ಮೇಲೆ ತೇಲಿದರೂ ಬಣ್ಣ ಅಲ್ಲಿ ಹೋಗಿ ನಿಲ್ಲುತ್ತದೆ. ಹಾಗೇ ರಾತ್ರಿಯಿಡೀ, ಸುಮಾರು 12 ಗಂಟೆ ಬಿಡಿ. ಬೆಳಿಗ್ಗೆ ನೀರು ಬಣ್ಣವಾಗಿದ್ದರೆ ಚೆಲ್ಲಿ, ಹೊಸ ಬಿಸಿನೀರು, ಹೊಸ ಲಿಕ್ವಿಡ್. ನೀರು ತಿಳಿಯಾಗುವ ತನಕ ಇದೇ ಕೆಲಸ. ಈ ಉಪಾಯ ಹತ್ತಿ ಬಟ್ಟೆಗೆ ಮತ್ತು ಹತ್ತಿ ಅಥವಾ ಪಾಲಿಯೆಸ್ಟರ್ ಒಳಪದರಕ್ಕೆ ಮಾತ್ರ. ಉಣ್ಣೆ, ರೇಷ್ಮೆ ಇರುವ ಕೌದಿಗೆ ಇಷ್ಟು ಬಿಸಿ ಆಗಿಬರುವುದಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ? ಹತ್ತಿಗೆ ಹಾಕುವ ಈಗಿನ ಬಣ್ಣಗಳಲ್ಲಿ ಬಹಳಷ್ಟು ರಿಯಾಕ್ಟಿವ್ ಬಣ್ಣಗಳು. 1956ರಲ್ಲಿ ಇವು ಮೊದಲು ಮಾರುಕಟ್ಟೆಗೆ ಬಂದವು. ಇವು ನಾರಿನ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಹಾಗೆ ಬೆಸೆದ ಬಣ್ಣ ಒಗೆದರೆ ಸುಲಭಕ್ಕೆ ಹೋಗುವುದಿಲ್ಲ. ಆದರೆ ಬಣ್ಣ ಹಾಕುವಾಗ ಒಂದಿಷ್ಟು ಬೆಸೆಯದೆ ಸುಮ್ನೆ ನಾರಿನ ಮೇಲೆ ಉಳಿದುಬಿಡುತ್ತದೆ. ಅದನ್ನು ತಯಾರಿಸುವ ಜಾಗದಲ್ಲೇ ಪೂರ್ತಿ ತೊಳೆದು ತೆಗೆಯಬೇಕು. ತೆಗೆಯದಿದ್ದರೆ ಅದು ನಿಮ್ಮ ಟಬ್ಬಿನಲ್ಲಿ ಹೊರಬರುತ್ತದೆ. ತಣ್ಣೀರು, ಅದೂ ಕಡಿಮೆ ನೀರು ಆದರೆ, ಬಿಟ್ಟ ಬಣ್ಣ ಪಕ್ಕದ ಬಟ್ಟೆಯ ಮೇಲೆ ಕೂರುತ್ತದೆ. ಬಿಸಿನೀರು ಜಾಸ್ತಿ ಇದ್ದು ಸೋಪಿನಂಶವೂ ಇದ್ದರೆ ಬಣ್ಣ ನೀರಿನಲ್ಲೇ ತೇಲುತ್ತಾ ಉಳಿಯುತ್ತದೆ, ನೀರಿನ ಜೊತೆಗೇ ಹೋಗುತ್ತದೆ.

ಉಪ್ಪುನೀರಿನಲ್ಲಿ, ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ನೇರವಾಗಿ ಹೇಳುತ್ತೇನೆ, ಹತ್ತಿಯ ಪ್ರಿಂಟ್ ಬಟ್ಟೆಗೆ ಇದನ್ನು ನಂಬಿ ಕೂರಬೇಡಿ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇದೆ, ಅದು ಬಣ್ಣವನ್ನು ನೀರಿನಿಂದ ನಾರಿನ ಕಡೆ ತಳ್ಳುತ್ತದೆ. ಹಾಕಿ ಮುಗಿದ ಮೇಲೆ ಸಡಿಲವಾಗಿ ಉಳಿದ ಬಣ್ಣವನ್ನು ಅದು ಬೆಸೆಯಲಾರದು. ವಿನೆಗರ್‌ನ ಹುಳಿ ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳಿಗೆ ಒದಗುತ್ತದೆ, ಹತ್ತಿಗಲ್ಲ. ಸಡಿಲ ಬಣ್ಣವನ್ನು ಹಿಡಿದಿಡುವುದಕ್ಕಿಂತ ತೊಳೆದು ಓಡಿಸುವುದೇ ಸರಿ.

ಮುಂದಿನ ಕೌದಿಗೆ ಬಟ್ಟೆ ಆರಿಸುವಾಗ ಹೀಗೆ ಪರೀಕ್ಷೆ ಮಾಡಿ. ಪ್ರತಿ ಬಟ್ಟೆಯಿಂದ ಎರಡು ಇಂಚಿನ ತುಂಡು ಕತ್ತರಿಸಿ. ಒಂದೊಂದನ್ನೂ ಬೇರೆ ಬೇರೆ ಗಾಜಿನ ಲೋಟಕ್ಕೆ ಹಾಕಿ, ಬಿಸಿನೀರು ಸುರಿದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಡಿ. ಅರ್ಧ ಗಂಟೆಯ ನಂತರ ಲೋಟದ ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ನೀರು ತಿಳಿಯಾಗಿದ್ದರೆ ಆ ಬಟ್ಟೆ ಪಾಸ್. ನೀರಿಗೆ ಬಣ್ಣ ಬಂದಿದ್ದರೆ ತಕ್ಷಣ ಎಸೆಯಬೇಡಿ. ಅದೇ ಕೌದಿಗೆ ಇಟ್ಟ ಬಿಳಿ ಬಟ್ಟೆಯ ಚೂರನ್ನು ಅದೇ ಲೋಟಕ್ಕೆ ಹಾಕಿ ಇನ್ನರ್ಧ ಗಂಟೆ ಬಿಡಿ. ಬಿಳಿ ಬಿಳಿಯಾಗಿಯೇ ಉಳಿದರೆ ಆ ಬಟ್ಟೆ ಬಳಸಬಹುದು, ಆದರೆ ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ಒಗೆದೇ ಕತ್ತರಿಸಿ. ಬಿಳಿಯೂ ಬಣ್ಣ ಹಿಡಿದರೆ ಮತ್ತೆ ಮತ್ತೆ ಒಗೆದು ಪರೀಕ್ಷಿಸಿ. ಆಗಲೂ ಬಿಡುತ್ತಲೇ ಇದ್ದರೆ ಆ ಬಟ್ಟೆಯನ್ನು ತಿಳಿ ಬಣ್ಣವೇ ಇಲ್ಲದ ಬೇರೆ ಕೆಲಸಕ್ಕೆ ಎತ್ತಿಡಿ. ಗಾಢ ಕೆಂಪು, ಕಡುನೀಲಿ, ಕಪ್ಪು, ಕಡುನೇರಳೆ, ಇವನ್ನಂತೂ ಪರೀಕ್ಷೆ ಮಾಡದೆ ಬಿಡಲೇಬೇಡಿ. ಬಣ್ಣ ಹಿಡಿಯುವ ಶೀಟ್‌ಗಳು ಸಿಗುತ್ತವೆ, ಮೊದಲ ಒಗೆತದಲ್ಲಿ ಹಾಕಿದರೆ ಒಳ್ಳೆಯದೇ. ಆದರೆ ಶೀಟ್ ಇದೆ ಎಂದು ಪರೀಕ್ಷೆ ತಪ್ಪಿಸುವುದು ಬೇಡ.

ಇಂಡಿಗೋ ನೀಲಿಯದು ಬೇರೆಯೇ ಸ್ವಭಾವ. ಅದು ನಾರಿನ ಜೊತೆ ಬೆಸೆಯುವುದಿಲ್ಲ, ಸಣ್ಣ ಕಣಗಳಾಗಿ ನಾರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಉಜ್ಜಿದರೆ ಉದುರುತ್ತದೆ. ಜೀನ್ಸ್ ಬಟ್ಟೆಯೂ ಅಷ್ಟೇ. ಇಂಥವಕ್ಕೆ ಲೋಟದ ಪರೀಕ್ಷೆ ಸಾಲದು. ಒಣ ಬಿಳಿ ಬಟ್ಟೆಯಿಂದ ಒಮ್ಮೆ, ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಗಟ್ಟಿಯಾಗಿ ಉಜ್ಜಿ ನೋಡಿ. ಕೌದಿ ಒಗೆಯದಿದ್ದರೂ, ಮಡಚಿಟ್ಟಲ್ಲೇ ಬಿಳಿ ತುಂಡುಗಳ ಮೇಲೆ ನೀಲಿ ಕಲೆ ಕಂಡರೆ ಕಾರಣ ಇದೇ.

ಒಗೆದ ಮೇಲೆ ಕೆಲವು ತುಂಡುಗಳು ಸುಕ್ಕಾಗಿವೆ, ಕೆಲವು ಉಬ್ಬಿವೆ

ಇದು ಕುಗ್ಗುವಿಕೆಯ ಜಗಳ. ಸಾಮಾನ್ಯ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಹಜ. ಫ್ಲಾನೆಲ್ ಅದಕ್ಕಿಂತ ಜಾಸ್ತಿ. ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ ಅನ್ನಬಹುದು. 200 ಸೆಂಟಿಮೀಟರ್ ಉದ್ದದ ಕೌದಿ ನೂರಕ್ಕೆ 4ರಷ್ಟು ಕುಗ್ಗಿದರೆ 8 ಸೆಂಟಿಮೀಟರ್ ಹೋಯಿತು. ಎಲ್ಲ ಬಟ್ಟೆಯೂ ಅಷ್ಟೇ ಕುಗ್ಗಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕುಗ್ಗಿ ಪಕ್ಕದ್ದು ಕುಗ್ಗದಿದ್ದರೆ, ಕುಗ್ಗದ ಬಟ್ಟೆ ಹೋಗಲು ಜಾಗ ಇಲ್ಲದೆ ಉಬ್ಬಿ ನಿಲ್ಲುತ್ತದೆ.

ಹಾಗಾಗಿ ಉಬ್ಬಿದ ತುಂಡನ್ನು ದೂರಬೇಡಿ. ಅದರ ಸುತ್ತ ಇರುವುದನ್ನು ನೋಡಿ, ಕುಗ್ಗಿದ್ದು ಅದು. ಕೆಲವು ತುಂಡುಗಳು ಮಾತ್ರ ಹೀಗಾಗಿದ್ದರೆ, ಒಗೆದ ಬಟ್ಟೆ ಮತ್ತು ಒಗೆಯದ ಬಟ್ಟೆ ಬೆರೆತಿವೆ ಅಥವಾ ಬೇರೆ ಬೇರೆ ನಾರಿನ ಬಟ್ಟೆಗಳು ಬೆರೆತಿವೆ. ಇಡೀ ಕೌದಿ ಒಂದೇ ಸಮ ಸಣ್ಣ ಸುಕ್ಕಾಗಿದ್ದರೆ ಒಳಪದರ ಮೇಲಿನ ಬಟ್ಟೆಗಿಂತ ಜಾಸ್ತಿ ಕುಗ್ಗಿದೆ. ಈ ಎರಡನೆಯದನ್ನು ನಾನು ದೋಷ ಅನ್ನುವುದಿಲ್ಲ. ಆ ಮೃದುವಾದ ಸುಕ್ಕು ಕೌದಿಗೆ ಒಂದು ಆಪ್ತತೆ ಕೊಡುತ್ತದೆ, ಬೇಕೆಂದೇ ಹಾಗೆ ಮಾಡುವವರೂ ಬಹಳ.

ಅಳೆದು ನೋಡುವುದು ಸುಲಭ. ಬಟ್ಟೆಯ ಮೇಲೆ 25 ಸೆಂಟಿಮೀಟರ್ ಚೌಕವನ್ನು ನೀರಿಗೆ ಅಳಿಸದ ಪೆನ್ನಿನಿಂದ ಬರೆಯಿರಿ. ಮುಂದೆ ಕೌದಿಯನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು ಒಣಗಿಸಿ. ಚೌಕ 24 ಸೆಂಟಿಮೀಟರ್ ಆಗಿದ್ದರೆ ನೂರಕ್ಕೆ 4 ಕುಗ್ಗಿದೆ. ಉದ್ದ, ಅಗಲ ಎರಡನ್ನೂ ಅಳೆಯಿರಿ. ಉದ್ದಕ್ಕೆ ಒಂದು ರೀತಿ, ಅಗಲಕ್ಕೆ ಇನ್ನೊಂದು ರೀತಿ ಕುಗ್ಗುವುದು ಮಾಮೂಲಿ.

ಎಲ್ಲವನ್ನೂ ಮೊದಲೇ ಒಗೆಯಿರಿ, ಇಲ್ಲವೇ ಒಂದನ್ನೂ ಒಗೆಯಬೇಡಿ. ಬೆರಕೆ ಮಾತ್ರ ಬೇಡ. ಮೊದಲೇ ಕತ್ತರಿಸಿ ಕಟ್ಟು ಕಟ್ಟಿ ಮಾರುವ ಸಣ್ಣ ಪಟ್ಟಿಗಳನ್ನು ಒಗೆದರೆ ಅಂಚಿನ ಎಳೆ ಬಿಟ್ಟು ಆಕಾರವೇ ಹೋಗುತ್ತದೆ. ಅಂಥ ಪಟ್ಟಿ ಬಳಸುವುದಾದರೆ ಉಳಿದ ಬಟ್ಟೆಯನ್ನೂ ಒಗೆಯದೆಯೇ ಬಳಸಿ, ಬಣ್ಣ ಬಿಡುವ ಪರೀಕ್ಷೆ ಮಾತ್ರ ಚೂರಿನಲ್ಲಿ ಮಾಡಿ. ಈಗಾಗಲೇ ಸುಕ್ಕಾದ ಕೌದಿಗೆ ಪೂರ್ತಿ ಪರಿಹಾರ ಇಲ್ಲ. ಒದ್ದೆ ಇರುವಾಗಲೇ ನೆಲದ ಮೇಲೆ ಹರಡಿ, ಮೂಲೆಗಳನ್ನು ಮೆಲ್ಲಗೆ ಎಳೆದು ಪಿನ್ ಚುಚ್ಚಿ ಒಣಗಲು ಬಿಟ್ಟರೆ ಒಂದು ಮಟ್ಟಿಗೆ ಸಮ ಆಗುತ್ತದೆ.

ಅಂಚು ಅಲೆ ಅಲೆಯಾಗಿದೆ, ನೆಲದ ಮೇಲೆ ಸಮ ಕೂರುವುದಿಲ್ಲ

ಬಟ್ಟೆಯ ಹಾಸು ಎಳೆ, ಅಂದರೆ ಉದ್ದಕ್ಕೆ ಓಡುವ ಎಳೆ, ಬಹಳ ಕಡಿಮೆ ಹಿಗ್ಗುತ್ತದೆ. ಹೊಕ್ಕು ಎಳೆಯ, ಅಂದರೆ ಅಡ್ಡಕ್ಕೆ ಓಡುವ ಎಳೆಯ ದಿಕ್ಕು ಸ್ವಲ್ಪ ಹಿಗ್ಗುತ್ತದೆ. ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದರೆ ಸಿಕ್ಕಾಪಟ್ಟೆ ಹಿಗ್ಗುತ್ತದೆ. ಅಲೆಯಾದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಸುಲಭವಾಗಿ ಹಿಗ್ಗಿದರೆ ಆ ಅಂಚಿನ ಪಟ್ಟಿಯನ್ನು ಓರೆಯಲ್ಲೋ ಅಡ್ಡಕ್ಕೋ ಕತ್ತರಿಸಲಾಗಿದೆ. ಪ್ರಿಂಟ್ ನೋಡಿ ಕತ್ತರಿಸಿದಾಗ ಹೀಗಾಗುವುದು ಜಾಸ್ತಿ. ಪ್ರಿಂಟ್ ನೇರ ಕಂಡರೂ ಎಳೆ ನೇರ ಇರಬೇಕೆಂದಿಲ್ಲ.

ಪಟ್ಟಿ ಬಿಚ್ಚಿ. ಕೌದಿಯ ಅಳತೆಯನ್ನು ಅಂಚಿನಲ್ಲಿ ತೆಗೆಯಬೇಡಿ, ಅದು ಈಗಾಗಲೇ ಹಿಗ್ಗಿದೆ. ನಟ್ಟ ನಡುವೆ ಅಳೆಯಿರಿ. ಆ ಉದ್ದಕ್ಕೆ ಹೊಸ ಪಟ್ಟಿಯನ್ನು ಹಾಸು ಎಳೆಯ ಉದ್ದಕ್ಕೆ ಕತ್ತರಿಸಿ, ಮೊದಲು ನಡು ಮತ್ತು ತುದಿಗಳನ್ನು ಪಿನ್ ಮಾಡಿ, ಆಮೇಲೆ ಉಳಿದದ್ದನ್ನು ಹಂಚಿ ಹೊಲಿಯಿರಿ. ಇದಕ್ಕೆ ಉದ್ದನೆಯ ಬಟ್ಟೆ ಬೇಕು. ಅಂಚಿನ ಬಟ್ಟೆ ಕೊಳ್ಳುವಾಗಲೇ ಕೌದಿಯ ಉದ್ದದಷ್ಟು, ಜೊತೆಗೆ ಒಂದಿಷ್ಟು ಹೆಚ್ಚಿಗೆ ತೆಗೆದುಕೊಳ್ಳಿ. ತ್ರಿಕೋನ ತುಂಡುಗಳಲ್ಲಿ ಓರೆ ಅಂಚು ತಪ್ಪಿಸಲಾಗುವುದಿಲ್ಲ. ಅಂಥ ಬಟ್ಟೆಗೆ ಕತ್ತರಿಸುವ ಮೊದಲೇ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕೈಯಲ್ಲಿ ನಿಲ್ಲುತ್ತದೆ.

ಡಿಸೈನ್ ಕಾಣುತ್ತಲೇ ಇಲ್ಲ

ಒಂದೊಂದು ಬಟ್ಟೆಯೂ ಚೆಂದ. ಹೊಲಿಗೆಯೂ ಅಚ್ಚುಕಟ್ಟು. ಆದರೆ ದೂರ ನಿಂತು ನೋಡಿದರೆ ನಕ್ಷತ್ರ ಎಲ್ಲಿ, ಹಿನ್ನೆಲೆ ಎಲ್ಲಿ ಎಂದೇ ತಿಳಿಯುವುದಿಲ್ಲ. ಈ ದೋಷದ ಬಗ್ಗೆ ನನಗೆ ವಿಶೇಷ ಕಾಳಜಿ. ಇದರಲ್ಲಿ ಬಟ್ಟೆ ಹಾಳಾಗಿರುವುದಿಲ್ಲ, ಹೊಲಿದವರ ಶ್ರಮ ಮಾತ್ರ ಕಣ್ಣಿಗೆ ಕಾಣದೆ ಹೋಗುತ್ತದೆ.

ಕಾರಣ ಬಹುತೇಕ ಒಂದೇ. ಬಣ್ಣ ನೋಡಿ ಆರಿಸಿದ್ದೀರಿ, ತಿಳಿ-ಗಾಢ ನೋಡಿಲ್ಲ. ಕೆಂಪು ಮತ್ತು ಹಸಿರು ಪಕ್ಕಪಕ್ಕ ಎದ್ದು ಕಾಣುತ್ತವೆ ಎಂದು ನಮಗೆ ಅನಿಸುತ್ತದೆ. ಎರಡೂ ಒಂದೇ ಮಟ್ಟದ ಗಾಢ ಆಗಿದ್ದರೆ ದೂರದಿಂದ ಆಕಾರಗಳ ಗಡಿ ಕರಗಿಹೋಗುತ್ತದೆ. ಆಕಾರ ಎದ್ದು ಕಾಣಲು ಬಣ್ಣಕ್ಕಿಂತ ಜಾಸ್ತಿ ಬೇಕಿರುವುದು ತಿಳಿ-ಗಾಢದ ಅಂತರ.

ಪತ್ತೆ ಮಾಡಲು ಫೋನ್ ಸಾಕು. ಬಟ್ಟೆಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಯಾವ ಎರಡು ಬಟ್ಟೆಗಳು ಒಂದೇ ಬೂದು ಬಣ್ಣ ಆದವೋ, ಅವು ಆಕಾರದ ಗಡಿಯ ಎರಡು ಬದಿಗೆ ಕೂರಬಾರದು. ಕೆಂಪು ಪಾರದರ್ಶಕ ಹಾಳೆಯ ಮೂಲಕ ನೋಡುವ ಪದ್ಧತಿಯೂ ಇದೆ. ಆದರೆ ಅದರಲ್ಲಿ ಕೆಂಪು ಬಟ್ಟೆಗಳು ಇರುವುದಕ್ಕಿಂತ ತಿಳಿಯಾಗಿ ಕಂಡು ದಾರಿ ತಪ್ಪಿಸುತ್ತವೆ. ಫೋನೇ ವಾಸಿ. ಅದೂ ಇಲ್ಲವೆಂದರೆ ಕಣ್ಣು ಅರ್ಧ ಮುಚ್ಚಿ ನೋಡಿ.

ಯಾವ ಬಟ್ಟೆಯೂ ತಾನಾಗಿ ತಿಳಿ ಅಥವಾ ಗಾಢ ಅಲ್ಲ. ಒಂದು ನಡುಮಟ್ಟದ ನೀಲಿ ಬಿಳಿಯ ಪಕ್ಕ ಗಾಢ, ಕಪ್ಪಿನ ಪಕ್ಕ ತಿಳಿ. ಆದ್ದರಿಂದ ಇನ್ನೂ ಹೊಲಿಯದಿದ್ದರೆ ಎಲ್ಲವನ್ನೂ ಬದಲಿಸಬೇಕಿಲ್ಲ. ಹಿನ್ನೆಲೆಯ ಬಟ್ಟೆ ಒಂದನ್ನು ಬದಲಿಸಿ ನೋಡಿ. ಇಷ್ಟಪಟ್ಟು ತಂದ ಪ್ರಿಂಟ್‌ಗಳು ಹಾಗೇ ಉಳಿಯುತ್ತವೆ, ಡಿಸೈನ್ ಜೀವ ತಳೆಯುತ್ತದೆ. ನಡುಮಟ್ಟದ ಬಟ್ಟೆಗಳೇ ನಮ್ಮ ಕೈಗೆ ಮೊದಲು ಸಿಗುವುದು, ಅಂಗಡಿಯಲ್ಲಿ ಮನಸ್ಸು ಸೆಳೆಯುವುದೂ ಅವೇ. ತೀರಾ ತಿಳಿ ಮತ್ತು ತೀರಾ ಗಾಢ ಬಟ್ಟೆಗಳನ್ನು ನೆನಪಿಟ್ಟುಕೊಂಡೇ ಹುಡುಕಬೇಕಾಗುತ್ತದೆ.

ಕಪ್ಪು-ಬಿಳುಪು ಫೋಟೋದಲ್ಲಿ ಅಂತರ ಚೆನ್ನಾಗಿದ್ದರೂ ಡಿಸೈನ್ ಕಲಸಿಹೋಗಿದೆಯೇ? ಹಾಗಾದರೆ ಪ್ರಿಂಟ್‌ನ ಗಾತ್ರ ನೋಡಿ. ಅಂಗೈ ಅಗಲದ ಹೂವಿನ ಪ್ರಿಂಟ್ ಅನ್ನು ಎರಡು ಇಂಚಿನ ಚೌಕವಾಗಿ ಕತ್ತರಿಸಿದರೆ ಹೂವು ಉಳಿಯುವುದಿಲ್ಲ. ಒಂದು ತುಂಡಿನಲ್ಲಿ ಬರೀ ಎಸಳು, ಇನ್ನೊಂದರಲ್ಲಿ ಬರೀ ಹಿನ್ನೆಲೆ, ಒಂದೇ ಬಟ್ಟೆ ನಾಲ್ಕು ಬಟ್ಟೆಗಳಂತೆ ಕಾಣುತ್ತದೆ. ರಟ್ಟಿನಲ್ಲಿ ನಿಮ್ಮ ತುಂಡಿನ ಅಳತೆಯ ಕಿಟಕಿ ಕತ್ತರಿಸಿ ಬಟ್ಟೆಯ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಕಿಟಕಿಯೊಳಗೆ ಕಾಣುವುದೇ ಕೌದಿಯಲ್ಲಿ ಕಾಣುವುದು. ಎಲ್ಲ ಪ್ರಿಂಟ್‌ಗಳೂ ಒಂದೇ ಗಾತ್ರದವಾದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ದೊಡ್ಡದು, ಚಿಕ್ಕದು, ನಡುವೆ ಒಂದಿಷ್ಟು ಪ್ಲೇನ್ ಬಟ್ಟೆ ಇದ್ದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ.

ಹೊಲಿದು ಮುಗಿದ ಕೌದಿಯಾದರೆ, ಆಕಾರಗಳ ಗಡಿಗುಂಟ ಎದ್ದು ಕಾಣುವ ಬಣ್ಣದ ದಪ್ಪ ದಾರದಿಂದ ಕೈಹೊಲಿಗೆ ಹಾಕಿ. ತಿಳಿ-ಗಾಢದ ಕೊರತೆ ಪೂರ್ತಿ ತುಂಬುವುದಿಲ್ಲ, ಆದರೆ ಕಣ್ಣಿಗೆ ಒಂದು ಗೆರೆ ಸಿಗುತ್ತದೆ.

ಇನ್ನೊಂದು ಬಗೆಯ ದೂರು ಇದೆ: ಹಗಲಿನಲ್ಲಿ ಹೊಂದಿದ ಬಣ್ಣಗಳು ರಾತ್ರಿ ದೀಪದ ಬೆಳಕಿನಲ್ಲಿ ಹೊಂದುವುದಿಲ್ಲ. ಬೇರೆ ಬೇರೆ ಬಣ್ಣದ ಪುಡಿಗಳಿಂದ ಒಂದೇ ಛಾಯೆ ಬರಿಸಿದ್ದಾಗ ಹೀಗಾಗುತ್ತದೆ. ಕೊಳ್ಳುವ ಮೊದಲು ಎರಡೂ ಬೆಳಕಿನಲ್ಲಿ ನೋಡಿ. ಬಟ್ಟೆ ಕಡಿಮೆ ಬಿದ್ದು ಆಮೇಲೆ ಅದೇ ಬಟ್ಟೆ ತಂದರೂ ಛಾಯೆ ಬೇರೆ ಇರಬಹುದು, ಯಾಕೆಂದರೆ ಪ್ರತಿ ಸಲ ಬಣ್ಣ ಹಾಕಿದಾಗಲೂ ಒಂಚೂರು ವ್ಯತ್ಯಾಸ ಬರುತ್ತದೆ. ಹಿನ್ನೆಲೆ ಬಟ್ಟೆಯನ್ನಾದರೂ ಒಂದೇ ಸಲಕ್ಕೆ ಪೂರ್ತಿ ಕೊಳ್ಳಿ.

ಬಿಳಿ ಮಂಕಾಗಿದೆ, ಒಳಗಿನದು ಮೇಲೆ ಕಾಣುತ್ತಿದೆ

ತೆಳ್ಳನೆಯ ಬಿಳಿ ಬಟ್ಟೆಯ ಕೆಳಗೆ ಬ್ಲೀಚ್ ಮಾಡದ, ಕೆನೆ ಬಣ್ಣದ ಹತ್ತಿಯ ಒಳಪದರ ಇದ್ದರೆ ಬಿಳಿ ಹಳದಿಗಟ್ಟಿದಂತೆ ಕಾಣುತ್ತದೆ. ಬಿಳಿ ಕೌದಿಗೆ ಬಿಳಿ ಒಳಪದರವನ್ನೇ ಆರಿಸಿ. ಹೊಲಿಗೆಯ ಪಕ್ಕ ಗಾಢ ಗೆರೆಯೊಂದು ಮೂಡಿದ್ದರೆ, ಗಾಢ ಬಟ್ಟೆಯ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಟ್ಟ ಅಂಚು, ಬಿಳಿಯ ಕೆಳಗೆ ಮಡಚಿಕೊಂಡಿದೆ. ಇಸ್ತ್ರಿ ಮಾಡುವಾಗ ಮಾರ್ಜಿನ್ ಅನ್ನು ಗಾಢ ಬಟ್ಟೆಯ ಕಡೆಗೇ ತಿರುಗಿಸಬೇಕು. ಅದು ಆಗದ ಕಡೆ ಗಾಢ ಮಾರ್ಜಿನ್ ಅನ್ನು ಬಿಳಿಯದಕ್ಕಿಂತ ಒಂದೆರಡು ಮಿಲಿಮೀಟರ್ ಕಿರಿದು ಮಾಡಿ.

ಎರಡು ಬಿಳಿ ಬಟ್ಟೆ ಪಕ್ಕಪಕ್ಕ ಇಟ್ಟಾಗ ಒಂದು ನೀಲಿ ಬಿಳಿ, ಇನ್ನೊಂದು ಕೊಳೆ ಬಿಳಿ ಎನಿಸುವುದುಂಟು. ಒಂದಕ್ಕೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ, ಇನ್ನೊಂದಕ್ಕೆ ಇಲ್ಲ. ಒಂದೇ ಬಿಳಿ ಬಳಸಿ, ಇಲ್ಲವೇ ನಾಲ್ಕೈದು ಬಗೆಯ ಬಿಳಿ ಬೇಕೆಂದೇ ಬೆರೆಸಿ. ಎರಡೇ ಇದ್ದರೆ ಮಾತ್ರ ಅದು ತಪ್ಪಿನಂತೆ ಕಾಣುವುದು.

ಹೊಲಿಗೆಯ ಬಳಿ ಬಾಯಿ ಬಿಡುತ್ತಿದೆ

ಮೊದಲು ದಾರ ನೋಡಿ. ದಾರ ಹರಿದಿದ್ದರೆ ಬಟ್ಟೆಯದು ತಪ್ಪಲ್ಲ. ದಾರ ಗಟ್ಟಿಯಾಗಿದ್ದು ಬಟ್ಟೆಯ ಎಳೆಗಳೇ ಜಾರಿ ಹೊರಬಂದಿದ್ದರೆ ನೇಯ್ಗೆ ಸಡಿಲ. ಕೌದಿಯಲ್ಲಿ ಮಾರ್ಜಿನ್ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಮಾತ್ರ. ಅಂಚಿನಿಂದ ಮೂರ್ನಾಲ್ಕು ಎಳೆ ಬಿಚ್ಚಿದರೂ ಅಪಾಯ. ಸಡಿಲ ನೇಯ್ಗೆಯ ಲಿನನ್, ಜಾಳು ಹತ್ತಿ ಬಟ್ಟೆಗಳಲ್ಲಿ ಇದು ಜಾಸ್ತಿ.

ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಕಿಂಡಿ ಎದ್ದು ಕಂಡರೆ ಯೋಚಿಸಿ. ಮನೆಯಲ್ಲಿ ಎರಡು ಚೂರು ಸೇರಿಸಿ ಕಾಲು ಇಂಚಿಗೆ ಹೊಲಿದು, ಎರಡೂ ಕಡೆ ಎಳೆದು ನೋಡಿ. ಕಿಂಡಿ ಬಿದ್ದರೆ ಮಾರ್ಜಿನ್ 1 ಸೆಂಟಿಮೀಟರ್ ಬಿಡಿ, ಹೊಲಿಗೆ ಸಣ್ಣದು ಮಾಡಿ, ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿ. ಟೀ ಶರ್ಟ್ ಬಟ್ಟೆಗೂ ಫ್ಯೂಸಿಂಗ್ ಬೇಕೇ ಬೇಕು, ಅದು ಬಿಚ್ಚುತ್ತದೆ ಎಂದಲ್ಲ, ಹಿಗ್ಗುತ್ತದೆ ಎಂದು. ಬಾಯಿ ಬಿಟ್ಟ ಜಾಗವನ್ನು ಮತ್ತೆ ಎಳೆದು ಹೊಲಿಯಬೇಡಿ, ಇನ್ನಷ್ಟು ಜಾರುತ್ತದೆ. ಗಟ್ಟಿ ಬಟ್ಟೆಯ ತುಂಡನ್ನು ಮೇಲಿಟ್ಟು ಸುತ್ತ ಹೊಲಿಯಿರಿ.

ಸೂಜಿ ಇಳಿಯುತ್ತಿಲ್ಲ, ಕೌದಿ ರಟ್ಟಿನಂತಿದೆ

ಕೌದಿಗೆಂದು ಮಾರುವ ಹತ್ತಿ ಬಟ್ಟೆಯಲ್ಲಿ ಇಂಚಿಗೆ ಸುಮಾರು 60ರಿಂದ 75 ಎಳೆ ಹಾಸಿನಲ್ಲಿ, ಹೆಚ್ಚುಕಡಿಮೆ ಅಷ್ಟೇ ಹೊಕ್ಕಿನಲ್ಲಿ ಇರುತ್ತವೆ. ನುಣುಪಾದ ಬೆಡ್‌ಶೀಟ್ ಮತ್ತು ಬಾಟಿಕ್ ಬಟ್ಟೆಗಳ ನೇಯ್ಗೆ ಇದಕ್ಕಿಂತ ಬಿಗಿ. ಅಗಲ ಸಿಗುತ್ತದೆ ಎಂದು ಬೆಡ್‌ಶೀಟ್ ಅನ್ನು ಅಡಿಬಟ್ಟೆ ಮಾಡಿದರೆ ಕೈಹೊಲಿಗೆಯವರ ಬೆರಳು ನೋಯುತ್ತದೆ, ಮಷಿನ್‌ನಲ್ಲಿ ಹೊಲಿಗೆ ತಪ್ಪುತ್ತದೆ. ಮಷಿನ್‌ಗಾದರೆ ಚೂಪು ತುದಿಯ ಸಣ್ಣ ಸೂಜಿ, 70 ಅಥವಾ 80ರ ನಂಬರಿನದು, ಹಾಕಿದರೆ ಬಗೆಹರಿಯುತ್ತದೆ. ಕೈಹೊಲಿಗೆಗೆ ಅಡಿಬಟ್ಟೆ ಬದಲಿಸುವುದೇ ದಾರಿ. ಬೆರಳು ನೋಯಿಸಿಕೊಂಡು ಹಟ ಮಾಡುವುದು ಬೇಡ.

ಬಿರುಸಾದ ಕೌದಿಗೆ ಕಾರಣ ಬೇರೆ. ಜೀನ್ಸ್‌ನಂಥ ದಪ್ಪ ಬಟ್ಟೆ, ಅದಕ್ಕೆ ದಪ್ಪ ಒಳಪದರ, ಅದರ ಮೇಲೆ ಒತ್ತೊತ್ತು ಹೊಲಿಗೆ. ಮೂರರಲ್ಲಿ ಒಂದನ್ನಾದರೂ ಕಡಿಮೆ ಮಾಡಿ. ದಪ್ಪ ಬಟ್ಟೆಗೆ ತೆಳು ಒಳಪದರ ಸಾಕು, ಕೆಲವೊಮ್ಮೆ ಒಳಪದರವೇ ಬೇಡ.

ಮೇಲೆ ನಾರು ಎದ್ದಿದೆ

ಕಪ್ಪು ಬಟ್ಟೆಯ ಮೇಲೆ ಬಿಳಿ ನಾರು ಕಂಡರೆ ಅದು ಒಳಪದರದ್ದು. ಸಡಿಲ ನೇಯ್ಗೆಯ ಮೂಲಕವೋ ದಪ್ಪ ಸೂಜಿಯ ತೂತಿನ ಮೂಲಕವೋ ಹೊರಬಂದಿದೆ. ಅದನ್ನು ಎಳೆಯಬೇಡಿ, ಹಿಂದೆಯೇ ಇನ್ನಷ್ಟು ಬರುತ್ತದೆ. ಕತ್ತರಿಯಿಂದ ಮಟ್ಟಸವಾಗಿ ಕತ್ತರಿಸಿ. ಮುಂದೆ ಗಾಢ ಕೌದಿಗೆ ಬಿಗಿ ನೇಯ್ಗೆಯ ಬಟ್ಟೆ, ಗಾಢ ಬಣ್ಣದ ಒಳಪದರ ಬಳಸಿ. ಬಟ್ಟೆಯದೇ ಬಣ್ಣದ ಸಣ್ಣ ಉಂಡೆಗಳು ಎದ್ದಿದ್ದರೆ ಅದು ಬಟ್ಟೆಯ ನಾರು. ಹತ್ತಿಯ ಉಂಡೆ ಕಾಲಕ್ರಮೇಣ ಉದುರುತ್ತದೆ. ಪಾಲಿಯೆಸ್ಟರ್ ಬೆರಕೆಯಲ್ಲಿ ಗಟ್ಟಿ ನಾರು ಉಂಡೆಯನ್ನು ಹಿಡಿದುಕೊಂಡೇ ಇರುತ್ತದೆ.

ಇದು ಹತ್ತಿಯೋ ಅಲ್ಲವೋ ಗೊತ್ತಿಲ್ಲ

ಹಳೆಯ ಬಟ್ಟೆ, ಯಾರೋ ಕೊಟ್ಟ ಬಟ್ಟೆ ಬಳಸುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಅಂಚಿನಿಂದ ಕೆಲವು ಎಳೆ ಬಿಡಿಸಿ, ಚಿಮ್ಮಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ ಸುಡಿ. ಪಕ್ಕದಲ್ಲಿ ನೀರು ಇರಲಿ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ ಬಂದರೆ ಹತ್ತಿ, ಲಿನನ್ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಆರಿ ತಣ್ಣಗಾದ ಮೇಲಷ್ಟೇ ಮುಟ್ಟಿ. ಎರಡೂ ಬಗೆಯ ಗುರುತು ಕಂಡರೆ ಬೆರಕೆ.

ರೇಯಾನ್ ಮತ್ತು ಹತ್ತಿಯನ್ನು ಬೆಂಕಿ ಬೇರೆ ಮಾಡಿ ತೋರಿಸುವುದಿಲ್ಲ, ನೀರು ತೋರಿಸುತ್ತದೆ. ಒಂದು ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಂಡು ಸುಲಭವಾಗಿ ತುಂಡಾಗುತ್ತದೆ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ. ಪದೇ ಪದೇ ಒಗೆಯುವ ಕೌದಿಗೆ ರೇಯಾನ್ ಬೇಡ ಎನ್ನುವುದು ಇದೇ ಕಾರಣಕ್ಕೆ.

ಹಳೆಯ ಕೌದಿಯಲ್ಲಿ ಒಂದೇ ಬಣ್ಣದ ತುಂಡುಗಳು ಹರಿದುಹೋಗುತ್ತಿವೆ

ಉಳಿದ ತುಂಡುಗಳೆಲ್ಲ ಗಟ್ಟಿಯಾಗಿದ್ದು ಕಂದು, ಕಪ್ಪು ತುಂಡುಗಳು ಮಾತ್ರ ಪುಡಿಯಾಗುತ್ತಿದ್ದರೆ ಕಬ್ಬಿಣದ ಅಂಶವನ್ನು ಅನುಮಾನಿಸಿ. ಹಿಂದೆ ಈ ಬಣ್ಣಗಳು ಹತ್ತಿಯ ಮೇಲೆ ನಿಲ್ಲಲು ಕಬ್ಬಿಣದ ಲವಣ ಬಳಸುತ್ತಿದ್ದರು. ಅದು ನಾರನ್ನು ನಿಧಾನವಾಗಿ ತಿನ್ನುತ್ತದೆ. ರೇಷ್ಮೆ ಉದ್ದುದ್ದಕ್ಕೆ ಸೀಳಿ ಎಳೆ ಎಳೆಯಾಗಿದ್ದರೆ ಕಾರಣ ಇನ್ನೊಂದು. 19ನೇ ಶತಮಾನದ ಕೊನೆಯ ಭಾಗದಲ್ಲಿ ರೇಷ್ಮೆಗೆ ತೂಕ ಬರಲಿ ಎಂದು ತವರ, ಕಬ್ಬಿಣದ ಲವಣಗಳನ್ನು ಸೇರಿಸುವ ರೂಢಿ ಇತ್ತು. ಆ ಕಾಲದ ರೇಷ್ಮೆ ಕೌದಿಗಳು ಪೆಟ್ಟಿಗೆಯೊಳಗೆ ಇದ್ದಲ್ಲೇ ಒಡೆಯುತ್ತಿರುವುದು ಇದರಿಂದ.

ಹಾಳಾದ ನಾರನ್ನು ಮತ್ತೆ ಗಟ್ಟಿ ಮಾಡಲಾಗುವುದಿಲ್ಲ. ಒಗೆಯಬೇಡಿ, ನೇತುಹಾಕಬೇಡಿ, ಬಿಸಿಲಿಗೆ ಇಡಬೇಡಿ. ಆ ತುಂಡಿನ ಮೇಲೆ ಅದೇ ಛಾಯೆಯ ತೆಳು ನೆಟ್ ಬಟ್ಟೆ ಹಾಸಿ, ಹೊಲಿಗೆಯನ್ನು ಸುತ್ತಲಿನ ಗಟ್ಟಿ ತುಂಡುಗಳಲ್ಲಿ ಹಾಕಿ. ಹಳೆಯದು ಕಾಣುತ್ತಲೂ ಇರುತ್ತದೆ, ಉದುರುವುದೂ ನಿಲ್ಲುತ್ತದೆ. ಪೂರ್ತಿ ಹೋದ ತುಂಡಿಗೆ ಹೊಸ ಬಟ್ಟೆ ಹಾಕಲೇಬೇಕಾದರೆ, ಕೌದಿಯ ಮಡಿಕೆಯೊಳಗೆ ಬೆಳಕು ಬೀಳದೆ ಉಳಿದ ಬಣ್ಣಕ್ಕೆ ಹೊಂದಿಸಬೇಡಿ. ಮೇಲ್ಗಡೆ ಮಾಸಿರುವ ಬಣ್ಣಕ್ಕೆ ಹೊಂದಿಸಿ. ಹೊಸ ತುಂಡನ್ನು ಮೊದಲೇ ಒಗೆದು ಕುಗ್ಗಿಸಿ. ಅದು ಪಕ್ಕದ ಹಳೆಯ ಬಟ್ಟೆಗಿಂತ ದಪ್ಪ ಇರಬಾರದು. ದಪ್ಪದ್ದು ಹಾಕಿದರೆ ಮುಂದಿನ ಹರುಕು ಅದರ ಅಂಚಿನಿಂದಲೇ ಶುರುವಾಗುತ್ತದೆ.